ಮೀನಿಲ್ಲದ ದಿನದ ಭಾಜಿ

ಕೋಡಿಬಾಗದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮೀನು ಮಾರುವವಳು. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿದ ಮೇಲೆ, ಹೊರಗಿನಿಂದ ಬರುವ ಐಸಿನ ಮೀನನ್ನು ಅವಳು ಮಾರುತ್ತಲೂ ಇರಲಿಲ್ಲ, ತಿನ್ನುತ್ತಲೂ ಇರಲಿಲ್ಲ. "ಸತ್ತು ತಿಂಗಳಾದದ್ದು ನಮ್ಮನೆ ಹೊಸಿಲು ದಾಟೂದಿಲ್ಲ," ಎನ್ನುತ್ತಿದ್ದಳು. ಮೀನಿನ ಈಳಿಗೆ ಮುಟ್ಟದೆ ಬೀನ್ಸನ್ನು ಕೈಯಲ್ಲೇ ಪಟಪಟ ಮುರಿದು, ಅದು ಅರೆಬೆಂದ ಮೇಲೆ ಬಟಾಟೆ ಹಾಕಿ, ಕಾಯಿತುರಿ ಉದುರಿಸಿ ಭಾಜಿ ಮಾಡುತ್ತಿದ್ದಳು.

ಅಂಥದೇ ಒಂದು ಮಧ್ಯಾಹ್ನ ಅವಳ ಮಗಳ ಮದುವೆ ಮಾತಿಗೆ ಅಂಕೋಲೆಯಿಂದ ಗಂಡಿನವರು ಬಂದರು. ಬಡಿಸಲು ನಾನೂ ಹೋಗಿದ್ದೆ. ಅನ್ನದ ಪಕ್ಕ ಅದೇ ಭಾಜಿ ನೋಡಿ ಹುಡುಗನ ತಾಯಿ ಕೈ ಹಿಂದೆ ತೆಗೆದರು. "ಮೀನು ಮಾರೋರ ಮನೇಲಿ ನೆಂಟರಿಗೆ ಬರೀ ಬಟಾಟೆಯಾ?"

ನಾನು ಅಕ್ಕನ ಸೆರಗು ಜಗ್ಗಿದೆ. ಅವಳು ಇನ್ನೊಂದು ಸೌಟು ಭಾಜಿಯನ್ನು ಆ ತಾಯಿಯ ತಟ್ಟೆಗೇ ಹಾಕಿದಳು.

"ಮೀನು ಬೇಕಾದ್ರೆ ದೋಣಿ ನೀರಿಗಿಳಿದ ಮೇಲೆ ಬನ್ನಿ. ಹುಡುಗಿ ಬೇಕಾದ್ರೆ ಇದನ್ನ ಉಣ್ಣಿ."