ನಾನು ಓದದೆ ಬಿಟ್ಟ ಪುಟ

ಹಳೆಯ ಇಂಗ್ಲಿಷ್ ಪುಸ್ತಕ ತೆರೆದಾಗ ಏಳುವ ಮುಗ್ಗಲು ವಾಸನೆ ನಿಮಗೂ ಗೊತ್ತಿರಬೇಕು. ಅದು ಮೂಗಿಗೆ ತಾಗಿದರೆ ಸಾಕು, ನನಗೆ ಬ್ಲಫ್ ಎಂಬ ಜಲವಿದ್ಯುತ್ ಕಾಲೊನಿಯ ನಮ್ಮ ಕ್ವಾರ್ಟರ್ಸು, ಅದರ ಹಿಂದಿನ ವರಾಂಡ, ನೆಲದಡಿಯಿಂದ ಬರುವಂತಿದ್ದ ಪವರ್‌ಹೌಸಿನ ಗುಂಯ್ ಸದ್ದು, ಮತ್ತು ಸರಸತ್ತೆ ನೆನಪಾಗುತ್ತಾರೆ. ಅಪ್ಪ ಅಲ್ಲಿ ಎಂಜಿನಿಯರ್. ಅಪ್ಪನ ತಂಗಿ ಸರಸತ್ತೆ, ಯಾವ ಜಾತಕವೂ ಕೂಡಿಬರದೆ ನಮ್ಮೊಂದಿಗೇ ಇದ್ದರು. ಕಾನ್ವೆಂಟಿನಿಂದ ರಜೆಗೆ ಬಂದಾಗಲೆಲ್ಲ ನಾನು ತಂದ ನಾವೆಲ್ ಅನ್ನು ಅವರಿಗೆ ಕನ್ನಡದಲ್ಲಿ ಹೇಳಬೇಕು. ಅವರು ಹೂ ಕಟ್ಟುತ್ತಾ ಕೇಳಬೇಕು. ಅದು ನಮ್ಮ ಮಧ್ಯಾಹ್ನದ ರೊಟೀನ್. ಆ ಬೇಸಿಗೆಯ ನಾವೆಲ್‌ನಲ್ಲಿ ಒಬ್ಬ ಲಾರ್ಡಿನ ಮಗಳು ಮನೆಯ ಮಾಲಿಯನ್ನು ಮೆಚ್ಚುತ್ತಾಳೆ. ಕೊನೆಗೆ ಅವನು ಮಾಲಿಯೇ ಅಲ್ಲ, ಎಳವೆಯಲ್ಲಿ ಕಳೆದುಹೋಗಿದ್ದ ಇನ್ನೊಬ್ಬ ಲಾರ್ಡಿನ ಮಗ ಎಂದು ತಿಳಿದು ಮದುವೆಯಾಗುತ್ತದೆ. ನನಗದು ತೀರಾ ಸಿಲ್ಲಿ ಅನಿಸಿತು. ಮಣ್ಣುಗೈಯ ಮಾಲಿಯೇ ನನಗಿಷ್ಟ. ಆ ಪುಟ ಬಿಟ್ಟು, ಅವಳಪ್ಪ ಒಪ್ಪಿ ಮಗಳನ್ನು ಮಾಲಿಗೇ ಕೊಟ್ಟ ಎಂದು ಮುಗಿಸಿಬಿಟ್ಟೆ.

"ಕೊನೇವರೆಗೂ ಮಾಲಿಯಾಗೇ ಇದ್ದನೇನೆ?" ಅತ್ತೆಯ ಕೈಯಲ್ಲಿ ದಾರ ನಿಂತಿತ್ತು.

"ಹೂಂ ಅತ್ತೆ."

ನಮ್ಮ ಮನೆಯ ಬಲ್ಬುಗಳು ಆಗಾಗ ಏಕೆ ಆರುತ್ತವೆಂದು ನನಗೊಬ್ಬಳಿಗೆ ಗೊತ್ತಿತ್ತು. ಅತ್ತೆ ಸ್ಟೂಲು ಹತ್ತಿ ಸಡಿಲಿಸುತ್ತಿದ್ದರು. ಆಗ ಕೆಲಸಗಾರರ ಲೈನ್‌ಮನೆಯಿಂದ ವೈರ್‌ಮನ್ ಸಿದ್ದರಾಜು ಬರಲೇಬೇಕು. ಕಿರುಗಾವಲು ಕಡೆಯವನು. ಅವನಂಥವರಿಗೆ ಮುಂಬಾಗಿಲಿಲ್ಲ, ಹಿಂದಿನ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಕೆಮ್ಮಿ, ಕಾಯುತ್ತಿದ್ದ. "ಬಲ್ಬು ಕೆಟ್ಟಿಲ್ಲ ಕಣಮ್ಮಾವ್ರೆ, ನಿಮ್ಮನೆ ದೆವ್ವ ತಿರುಗ್ಸಿ ಓಯ್ತದೆ," ಎನ್ನುತ್ತಿದ್ದ. "ಹಾಗಾದ್ರೆ ದೆವ್ವಕ್ಕೆ ನೀವೇ ಒಂದು ಮಾತು ಹೇಳಿ," ಎನ್ನುತ್ತಿದ್ದರು ಅತ್ತೆ. ನಮ್ಮ ಸಾಲಿನ ಬೇರೆ ಯಾವ ಮನೆಯಲ್ಲೂ ವೈರ್‌ಮನ್ನನಿಗೆ 'ನೀವು' ಎಂದದ್ದನ್ನು ನಾನು ಕೇಳಿಲ್ಲ.

ಕಥೆ ಮುಗಿದ ಮರುದಿನ ಊಟಕ್ಕೆ ಕೂತಾಗ ಅತ್ತೆ ನೇರವಾಗಿ ಹೇಳಿದರು: "ಅಣ್ಣ, ನಾನು ಸಿದ್ದರಾಜೂನ ಮದುವೆಯಾಗ್ತೀನಿ." ಅಪ್ಪ ಕೂಗಾಡಲಿಲ್ಲ. ಮಜ್ಜಿಗೆ ಅನ್ನ ಮುಗಿಸಿ ಎದ್ದರು. ಎರಡು ದಿನದಲ್ಲಿ ಸಿದ್ದರಾಜುವಿನ ಕೆಲಸ ಹೋಯಿತು. ಲೈನ್‌ಮನೆ ಖಾಲಿ ಮಾಡಿ ಹೊರಟಾಗ ಅವನ ತಾಯಿ ನಮ್ಮ ಹಿಂದಿನ ಮೆಟ್ಟಿಲ ಬಳಿ ಬಂದು ನಿಂತಳು. "ನಿಮ್ಗೆ ಆಟ ಕಣವ್ವ, ನಮ್ಗೆ ಅನ್ನ," ಎಂದಳು ಅತ್ತೆಗೆ. ಬಾಗಿಲ ಹಿಂದೆ ಅವಿತಿದ್ದ ನಾನು ಒಳಗೆ ಹೋಗಿ ಆ ನಾವೆಲ್ ಅನ್ನು ಟ್ರಂಕಿನ ತಳಕ್ಕೆ ತುರುಕಿದೆ.

ಆಮೇಲೆ ವರಾಂಡದ ಬಲ್ಬು ದಿನವೂ ಆರತೊಡಗಿತು. ಅಮ್ಮ ಸ್ಟೂಲನ್ನು ಒಳಗಿಟ್ಟು ಬೀಗ ಹಾಕಿದರೂ ಆರುತ್ತಿತ್ತು. ಮುಸ್ಸಂಜೆ ಅತ್ತೆ ಅಲ್ಲಿ ಎರಡು ಬೆತ್ತದ ಕುರ್ಚಿ ಹಾಕಿ, ಸಣ್ಣ ದನಿಯಲ್ಲಿ, ಹೆಂಡತಿಯ ಸಲಿಗೆಯಿಂದ ಮಾತಾಡುತ್ತಿದ್ದರು: "ಗುಲಾಬಿಗೆ ನೀರು ಹಾಕಿದ್ರಾ? ಕೈ ತೊಳ್ಕೊಂಡು ಬನ್ನಿ." ಸ್ವಲ್ಪ ಹೊತ್ತಿಗೆ ಖಾಲಿ ಕುರ್ಚಿಯ ಬೆತ್ತ ಕಿರ್ರೆನ್ನುತ್ತಿತ್ತು, ಯಾರೋ ಭಾರ ಬಿಟ್ಟು ಕೂತ ಹಾಗೆ. ಭಯ ತಾಳದೆ ಒಂದು ಸಂಜೆ ನಾನು ಪುಸ್ತಕ ತಂದು, ಬಿಟ್ಟ ಪುಟವನ್ನು ಸಾಲು ಸಾಲಾಗಿ ಓದಿ ಹೇಳಿದೆ. "ಅವನು ಮಾಲಿಯಲ್ಲ ಅತ್ತೆ, ಲಾರ್ಡಿನ ಮಗ. ಸುಳ್ಳು ಹೇಳಿದ್ದೆ, ಸಾರಿ," ಎಂದು ಅತ್ತುಬಿಟ್ಟೆ.

ಅತ್ತೆ ನನ್ನ ತಲೆ ಸವರಿದರು. ಎದುರಿನ ಕುರ್ಚಿಯತ್ತ ತಿರುಗಿ ಮೆಲ್ಲಗೆ ಹೇಳಿದರು: "ಮಗು ತಪ್ಪು ಓದ್ತಿದೆ. ನೀವು ಬೇಜಾರು ಮಾಡ್ಕೋಬೇಡಿ."

ಅವರು ಇನ್ನೂ ಬಹಳ ಕಾಲ ಬದುಕಿದರು, ಅಪ್ಪನಿಗೆ ವರ್ಗವಾದ ಊರಿನಲ್ಲೆಲ್ಲ ಎರಡು ಕುರ್ಚಿ ಹಾಕಿಕೊಂಡು.