ಸಡಿಲಾದ ಕಾಜಾಗಳು

ಭಾವ ಕತ್ತರಿ ಹಿಡಿದರೆ ಬಟ್ಟೆ ಹೇಳಿದ ಮಾತು ಕೇಳುತ್ತಿತ್ತು. ಗೆರೆ ಕೂಡ ಎಳೆಯದೆ ಕೋಟು ಕತ್ತರಿಸುತ್ತಿದ್ದ ಮನುಷ್ಯ. ಜಂಬವೂ ಅಷ್ಟೇ ಇತ್ತು. ಭಾವ ಕೆಲಸಕ್ಕಿದ್ದ ಟೈಲರ್ ಅಂಗಡಿಯ ಅಂಗಿಗಳಿಗೆ ಕಾಜಾ ಹೊಲಿದು ಕೊಡುವುದು ಅಕ್ಕನ ಕೆಲಸ. ಗುಂಡಿ ತೂರುವ ಆ ಸಣ್ಣ ಕಂಡಿಯ ಅಂಚು ಹೊಲಿಯುವುದರಲ್ಲಿ ಅವಳು ಎತ್ತಿದ ಕೈ.

ಅಂಗಡಿಯ ಗಾಜು ಒಡೆದು ಭಾವನ ಬಲ ಅಂಗೈ ಸೀಳಿತು. ಬೆರಳು ಮಡಚುವ ನರಗಳು ತುಂಡಾದವು. ಆಸ್ಪತ್ರೆಯಲ್ಲಿ ಕೂಡಿಸಿ ಹೊಲಿದರು. "ನಮ್ಮಂಗಡೀಲಿ ಇಂಥ ಹೊಲಿಗೆ ಹಾಕಿದ್ರೆ ಒದ್ದು ಓಡಿಸ್ತಿದ್ರು" ಎಂದು ಭಾವ ನಕ್ಕರು. ಆಗಿನ್ನೂ ನಗುತ್ತಿದ್ದರು.

ಗಾಯ ಮಾಗಿದ ಮೇಲೆ ನೋಡಿದರೆ ಬೆರಳುಗಳು ಸೌದೆಯ ಹಾಗೆ ಸೆಟೆದಿದ್ದವು. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಮೇಡಂ ಯಂತ್ರಗಿಂತ್ರ ಏನೂ ತೋರಿಸಲಿಲ್ಲ.

"ಅಂಗಿ ಗುಂಡಿ ಈ ಕೈಯಲ್ಲೇ ಹಾಕ್ಕೊಳ್ಳಿ. ಬೆಳ್ಳುಳ್ಳಿ ಸುಲೀರಿ, ಒದ್ದೆ ಬಟ್ಟೆ ಹಿಂಡಿ, ಡಬ್ಬಿ ಮುಚ್ಚಳ ತೆಗೀರಿ. ಕಷ್ಟ ಆಗ್ಲೇಬೇಕು. ಈಗ ಬಗ್ಗದಿದ್ರೆ ಆಮೇಲೆ ಬಗ್ಗಲ್ಲ."

ಬೆರಳು ಬಗ್ಗಿದರೆ ಕತ್ತರಿ, ಇಲ್ಲದಿದ್ದರೆ ಬಟ್ಟೆ ಕತ್ತರಿಸುವ ಮೇಜಿಗೆ ಬೇರೆಯವರು. ಅಂಗಡಿ ಯಜಮಾನರು ಅದನ್ನು ಬಾಯಿಬಿಟ್ಟೇ ಹೇಳಿದ್ದರು.

ಒಂದು ಗುಂಡಿ ಹಾಕುವಷ್ಟರಲ್ಲಿ ಭಾವ ಬೆವರಿ ನೀರಾಗುತ್ತಿದ್ದರು. ಮನೆಮಂದಿಗೆಲ್ಲ ಬೈಗುಳ, ಗೋಡೆಗೆ ಗುದ್ದು. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಆಮೇಲೆ ಇದ್ದಕ್ಕಿದ್ದಂತೆ ಗುಂಡಿಗಳು ಪಟಪಟನೆ ಕಾಜಾದೊಳಗೆ ತೂರತೊಡಗಿದವು. ಮುಚ್ಚಳ ಒಂದೇ ತಿರುವಿಗೆ ಬಂತು. "ನೋಡೋ! ಇನ್ನು ಆ ಮೇಡಂ ಹತ್ರ ಹೋಗಿ ಮಕ್ಕಳಾಟ ಯಾಕೆ ಆಡ್ಲಿ?" ಎಂದು ನನ್ನೆದುರು ಬೀಗಿದರು. ಹೋಗುವುದನ್ನು ಬಿಟ್ಟೇಬಿಟ್ಟರು.

ಅಂಗಡಿಗೆ ಮರಳುವ ದಿನ ನಾನೂ ಜೊತೆಗೆ ಹೋದೆ. ಯಜಮಾನರು ದಪ್ಪ ಬಟ್ಟೆ ಹಾಸಿ ಕತ್ತರಿ ಕೊಟ್ಟರು. ಕತ್ತರಿ ಬಾಯಿ ತೆರೆಯಿತು, ಮುಚ್ಚಲಿಲ್ಲ. ಭಾವ ಎಡಗೈಯನ್ನೂ ಸೇರಿಸಿ ಒತ್ತಿದರು. ಬಟ್ಟೆ ಇಲಿ ಕಡಿದ ಹಾಗಾಯಿತು. ಮಾನ ಉಳಿಸಿಕೊಳ್ಳಲು ಪಕ್ಕದ ಗೊಂಬೆಗೆ ತೊಡಿಸಿದ್ದ ಹೊಸ ಅಂಗಿಯ ಗುಂಡಿ ಹಾಕಲು ಹೋದರು. ಒಂದೂ ತೂರಲಿಲ್ಲ. ತಮ್ಮ ಅಂಗಿಯದನ್ನೇ ಬಿಚ್ಚಿ ಹಾಕಿ ನೋಡಿದರು. ಅದು ಸಲೀಸಾಗಿ ಜಾರಿತು. ಎಡಗೈ ಬೆರಳಿನಿಂದ ಆ ಕಾಜಾವನ್ನು ಸವರಿದರು. ತಿರುಗಿ ನೇರ ಮನೆಗೆ ನಡೆದರು.

ಮನೆಯಲ್ಲಿ ಅಕ್ಕ ಏನನ್ನೂ ಮುಚ್ಚಿಡಲಿಲ್ಲ. "ನಾನೇ ರೀ, ಎಲ್ಲಾ ಬಿಚ್ಚಿ ಅಗಲ ಮಾಡಿ ಹೊಲಿದೆ. ಮುಚ್ಚಳಾನೂ ಮೊದ್ಲೇ ಸಡಿಲ ಮಾಡಿಡ್ತಿದ್ದೆ. ನಿಮ್ಮ ಒದ್ದಾಟ ನೋಡಕ್ಕಾಗ್ಲಿಲ್ಲ."

"ನನ್ನ ಕಣ್ಣಿಗೇ ಬೀಳದ ಹಾಗೆ ಹೊಲಿದಿದ್ದೀಯ" ಎಂದರು ಭಾವ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮತ್ತೆ ಆಸ್ಪತ್ರೆಗೆ ಹೋದಾಗ ಮೇಡಂ ಬೆರಳುಗಳನ್ನು ಒತ್ತಿ ನೋಡಿದರು. "ಒಳಗೆ ನರ ಅಂಟಿಕೊಂಡುಬಿಟ್ಟಿದೆ. ಇನ್ನು ಇಷ್ಟೇ."

ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಅಕ್ಕನ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ; ಅವಳನ್ನು ಕಂಡರೆ ಕರುಳು ಕಿತ್ತು ಬರುವುದೂ ನಿಂತಿಲ್ಲ. ಯಜಮಾನರು ಮೇಜಿಗೆ ಬೇರೆಯವರನ್ನು ತಂದರು. ಅಕ್ಕ ಭಾವನ ಅಂಗಿಗಳ ಕಾಜಾಗಳನ್ನೆಲ್ಲ ಬಿಚ್ಚಿ ಮೊದಲಿನಷ್ಟೇ ಬಿಗಿಯಾಗಿ ಹೊಲಿದಿಟ್ಟಳು. ಈಗ ಬೆಳಿಗ್ಗೆ ಭಾವ ಅಂಗಿ ತೊಟ್ಟು ಅವಳೆದುರು ಬಂದು ಸುಮ್ಮನೆ ನಿಲ್ಲುತ್ತಾರೆ. ಅವಳು ತಲೆ ಎತ್ತದೆ ಒಂದೊಂದೇ ಗುಂಡಿ ಹಾಕುತ್ತಾಳೆ.