ಗೋಡೆ ಏರದ ಫೋಟೊ

ಫೋಟೊ ತೆಗೆಯಲು ನಾನು ಮೊಬೈಲ್ ಎತ್ತಿದೊಡನೆ ಸುನಂದಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಹುಮನಾಬಾದಿನ ನಮ್ಮ ಕಾರ್ಖಾನೆಯ ಕ್ಯಾಂಟೀನಿಗೆ ಖಡಕ್ ರೊಟ್ಟಿ ಕಳಿಸುವವರು ಅವರೇ. ದಲಿತ ಉದ್ಯಮಿಗಳಿಂದ ಹೆಚ್ಚು ಖರೀದಿಸಿದರೆ ಕಂಪನಿಗೂ ಲಾಭ ಎಂದು ಮೇಲಿನವರು ತೀರ್ಮಾನಿಸಿದ್ದರು. ಖರೀದಿ ವಿಭಾಗದ ನಾನು, ಹಾಗೆ ಆರಿಸಿದ ಸುನಂದಾಬಾಯಿಯವರ ಫೋಟೊವನ್ನು ಕ್ಯಾಂಟೀನಿನ ಗೋಡೆಗೆ ಹಾಕಿಸುವ ಹುರುಪಿನಲ್ಲಿ ದುಬಲಗುಂಡಿಯ ಅವರ ಮನೆಗೆ ಹೋಗಿದ್ದೆ.

“ಬ್ಯಾಡ್ರಿ ಸಾಹೇಬ್ರ. ಯಾರ ಮಾಡ್ತಾರಂತ ಗೊತ್ತಿಲ್ಲ, ಅದಕ್ಕ ಎಲ್ಲಾರೂ ಉಣ್ಣಾಕತ್ತಾರ. ನಮ್ಮ ಮಾರಿ ನೋಡಿದ್ರ ಬುಟ್ಟಿ ಹಂಗೇ ವಾಪಸ್ ಬರ್ತದರಿ.”

ಹಾಗೇನೂ ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಕ್ಯಾಂಟೀನಿನ ಒಂದೊಂದೇ ಮುಖ ನೆನಪಾಗಿ ಮೊಬೈಲನ್ನು ಜೇಬಿಗಿಳಿಸಿದೆ.

ಇವತ್ತಿಗೂ ಊಟಕ್ಕೆ ಕೂತಾಗ ಪಕ್ಕದವರು “ಯಾರ ಕೈ ರೊಟ್ಟಿರೀ ಇವು? ಭಾಳ ಛಲೋ ಆಗ್ಯಾವ” ಅಂದರೆ, ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತೇನೆ.